ಯಾರ ಲೆಕ್ಕಕ್ಕೂ ಸಿಗದವರು: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ನಮಸ್ಕಾರ.

2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಅಣಕು ಕವಾಯತು ನಡೆಯಿತಲ್ಲ, ಆ ದಿನ ನಾನು ಅಂಕೋಲಾದಿಂದ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದಿದ್ದೆ. ಸೈರನ್ ಊದುತ್ತಾರೆ ಅಂತ ಪೇಪರಿನಲ್ಲಿ ಓದಿದ್ದೆ. ಆದರೂ ಅದು ಕೂಗಿದ ಕೂಡಲೇ ಕೈಯಲ್ಲಿದ್ದ ಚಹಾ ಗ್ಲಾಸು ಬಿಟ್ಟು ಅಂಗಡಿಯ ಬೆಂಚಿನ ಕೆಳಗೆ ಕವುಚಿ ಬಿದ್ದೆ. ಎರಡೂ ಕಿವಿ ಮುಚ್ಚಿ, ಬಾಯಿ ತೆರೆದು. ಬಾಯಿ ತೆರೆದಿಡಬೇಕು, ಇಲ್ಲದಿದ್ದರೆ ಸ್ಫೋಟದ ಗಾಳಿಗೆ ಕಿವಿಯ ತಮಟೆ ಹರಿದುಹೋಗುತ್ತದೆ ಅಂತ ನಮಗೆ ಹೇಳಿಕೊಟ್ಟಿದ್ದರು. ಅಂಗಡಿಯವರು ನಕ್ಕರು. "ಮಾರಾಯ್ರೇ, ಏಳಿ, ಇದು ಸುಮ್ನೆ ಪ್ರಾಕ್ಟೀಸು" ಅಂದರು. ನಾನೂ ನಕ್ಕು, ಒಡೆದ ಗ್ಲಾಸಿನ ದುಡ್ಡು ಕೊಟ್ಟು ಬಸ್ ಹತ್ತಿದೆ.

ನಾನು 2003ರ ನವೆಂಬರಿನಿಂದ 2006ರ ಮೇ ತನಕ ಇರಾಕಿನಲ್ಲಿದ್ದೆ. ಸೈನಿಕನಾಗಿ ಅಲ್ಲ. ಬಾಗ್ದಾದಿನ ಉತ್ತರಕ್ಕಿದ್ದ ಅಮೆರಿಕ ಸೇನೆಯ ಒಂದು ನೆಲೆಯಲ್ಲಿ ಅಡುಗೆಯವನಾಗಿ. ಕಂಪನಿಯ ಕಾಗದದಲ್ಲಿ ನಮ್ಮನ್ನು "ಥರ್ಡ್ ಕಂಟ್ರಿ ನ್ಯಾಷನಲ್" ಅಂತ ಬರೆಯುತ್ತಿದ್ದರು. ಗೆದ್ದ ದೇಶದವರೂ ಅಲ್ಲ, ಸೋತ ದೇಶದವರೂ ಅಲ್ಲ, ಮೂರನೇ ದೇಶದವರು.

ಈ ಪತ್ರ ಬರೆಯಲು ಕಾರಣ ಸೈರನ್ ಅಲ್ಲ. ನಮ್ಮ ಕೇರಿಯ ಒಬ್ಬ ಹುಡುಗ. ಇಪ್ಪತ್ಮೂರು ವರ್ಷ, ಐಟಿಐ ಮುಗಿಸಿದ್ದಾನೆ, ಗೋವಾದಲ್ಲಿ ಹೋಟೆಲ್ ಕೆಲಸಕ್ಕಿದ್ದ. ಹೋದ ವಾರ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಯಾರೋ ಏಜೆಂಟ್ ವಾಟ್ಸಾಪಿನಲ್ಲಿ ಮೆಸೇಜ್ ಕಳಿಸಿದ್ದ. ಯುದ್ಧ ನಡೆಯುತ್ತಿರುವ ಕಡೆ ಕೆಲಸ, ಆದರೆ ಯುದ್ಧದ ಕೆಲಸ ಅಲ್ಲ, ಹೆಲ್ಪರ್ ಅಷ್ಟೇ, ಗಡಿಯಿಂದ ದೂರ, ಎರಡೂವರೆ ಲಕ್ಷ ಕಟ್ಟಿದರೆ ಒಂದು ತಿಂಗಳಲ್ಲಿ ವೀಸಾ. "ಅಣ್ಣ, ನೀವು ಹೋಗಿ ಬಂದವರಲ್ವಾ, ಹೇಗಿರ್ತದೆ ಅಲ್ಲಿ?" ಅಂತ ಕೇಳಿದ.

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಎಷ್ಟು ದುಡಿದೆ ಅಂತ ಕೇಳಿದವರು ಬೇಕಾದಷ್ಟು ಜನ.

ಹಾಗಾಗಿ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನನಗೆ ಹೇಳಿದ್ದು ಕುವೈತಿನ ಹೋಟೆಲ್ ಅಂತ. ಹೆಂಡತಿಯ ಪಾಟಲಿ ಅಡವಿಟ್ಟು, ಮೇಲೆ ಸಾಲ ಮಾಡಿ, ಮುಂಬೈಯ ಏಜೆಂಟನಿಗೆ 75,000 ರೂಪಾಯಿ ಕೊಟ್ಟಿದ್ದೆ. ಕುವೈತಿನಲ್ಲಿ ಇಳಿದ ದಿನವೇ ಒಬ್ಬ ಬಂದು ಎಲ್ಲರ ಪಾಸ್‌ಪೋರ್ಟ್ ಒಂದು ಕಪ್ಪು ಚೀಲಕ್ಕೆ ಹಾಕಿಕೊಂಡು ಹೋದ. ಹತ್ತು ದಿನ ಒಂದು ಗೋದಾಮಿನಲ್ಲಿ ನೆಲದ ಮೇಲೆ ಮಲಗಿದೆವು. ಹನ್ನೊಂದನೇ ದಿನ ಹೇಳಿದರು, ಕೆಲಸ ಇರುವುದು ಇರಾಕಿನಲ್ಲಿ, ಬೇಡವಾದರೆ ವಾಪಸ್ ಹೋಗಬಹುದು, ಟಿಕೆಟ್ ಖರ್ಚು ನಿಮ್ಮದೇ. ನಲವತ್ತು ಜನ ಇದ್ದೆವು. ಒಬ್ಬನೂ ವಾಪಸ್ ಹೋಗಲಿಲ್ಲ. ಧೈರ್ಯ ಅಂತ ತಿಳಿಯಬೇಡಿ. ನೂರಕ್ಕೆ ಮೂರರ ಬಡ್ಡಿ.

ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದು ಆ ರಾತ್ರಿ, ಬಸ್ಸಿನ ಬಾಗಿಲಲ್ಲಿ. ಇಂಗ್ಲಿಷಿನಲ್ಲಿ ನಾಲ್ಕು ಹಾಳೆ. ನಾನು ಎಸ್ಸೆಸ್ಸೆಲ್ಸಿ. ಓದಲು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಇರಾಕಿನ ಸಫ್ವಾನ್ ಗಡಿ ದಾಟಿದಾಗ ಬೆಳಗಿನ ಜಾವ. ಮುಂದೆ ಹಿಂದೆ ಬಂದೂಕು ಕಟ್ಟಿದ ಸೇನೆಯ ಗಾಡಿಗಳು, ನಡುವೆ ನಮ್ಮ ಬಸ್ಸು. ಅದರ ಕಿಟಕಿಗೆ ಪರದೆ ಮಾತ್ರ ಇತ್ತು.

ನೆಲೆಯ ಒಳಗೆ ಹೋದ ಮೇಲೆ ಅದೊಂದು ಊರು. ಸಿನಿಮಾ ಮಂದಿರ, ಬರ್ಗರ್ ಅಂಗಡಿ, ಜಿಮ್. ಊಟದ ಹಾಲ್ ಅಂದರೆ ನಮ್ಮ ಕಡೆ ದೊಡ್ಡ ಕಲ್ಯಾಣ ಮಂಟಪ ಎರಡು ಕೂಡಿಸಿದ ಹಾಗೆ. ದಿನಕ್ಕೆ ನಾಲ್ಕು ಊಟ, ನಾಲ್ಕನೆಯದು ನಡುರಾತ್ರಿಗೆ. ವಾರಕ್ಕೊಮ್ಮೆ ದೊಡ್ಡ ಮಾಂಸದ ತುಂಡು ಮತ್ತು ಲಾಬ್‌ಸ್ಟರ್. ಸಮುದ್ರದ ದಂಡೆಯಲ್ಲಿ ಹುಟ್ಟಿದ ನಾನು ಲಾಬ್‌ಸ್ಟರ್ ಮೊದಲ ಸಲ ಕೈಯಲ್ಲಿ ಹಿಡಿದದ್ದು ಮರುಭೂಮಿಯಲ್ಲಿ, ಅದೂ ಬರ್ಫದಲ್ಲಿ ಕಲ್ಲಾಗಿದ್ದದ್ದು. ಆ ಊಟ ನಮಗಲ್ಲ. ನಮ್ಮ ಮೆಸ್ ಬೇರೆ, ಹಿಂದುಗಡೆ. ಅಲ್ಲಿ ಅನ್ನ, ಬೇಳೆ, ಕೋಳಿ. ಮರುದಿನವೂ ಅನ್ನ, ಬೇಳೆ, ಕೋಳಿ. ಬಂಗಡೆಯ ವಾಸನೆ ನೆನಪಾಗಿ ನಿದ್ದೆ ಬಾರದ ರಾತ್ರಿಗಳಿದ್ದವು ಅಂದರೆ ನಗಬೇಡಿ. ಆಯಿ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿ ಒಂದು ಬಾಟಲಿ ಇತ್ತು. ಒಂದು ಮಿಡಿಯನ್ನು ನಾಲ್ಕು ದಿನ ಚೀಪುತ್ತಿದ್ದೆ. ಆಮೇಲೆ ರಸವನ್ನು ಹನಿ ಹನಿ.

ಹನ್ನೆರಡು ತಾಸಿನ ಪಾಳಿ, ವಾರಕ್ಕೆ ಏಳು ದಿನ. ಭಾನುವಾರ ಅಂತ ಒಂದು ದಿನ ಇದೆ ಅನ್ನುವುದೇ ಮರೆತುಹೋಗಿತ್ತು. ಒಂದು ಕಂಟೇನರಿನಲ್ಲಿ ಹನ್ನೆರಡು ಮಂಚ. ಬಂದರಿನಲ್ಲಿ ನೋಡುತ್ತೀರಲ್ಲ, ಅದೇ ಕಂಟೇನರು, ಕಿಟಕಿ ಕೊರೆದದ್ದು. ಜುಲೈಯಲ್ಲಿ ಹೊರಗೆ ಐವತ್ತು ಡಿಗ್ರಿ. ಎಸಿ ಕೆಟ್ಟರೆ ಮಂಚದ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಜನವರಿಯಲ್ಲಿ ಕೈ ಸೆಟೆದು ಈರುಳ್ಳಿ ಹೆಚ್ಚಲಾಗುತ್ತಿರಲಿಲ್ಲ. ದೂಳಿನ ಬಿರುಗಾಳಿ ಬಂದರೆ ಮಧ್ಯಾಹ್ನ ಮೂರಕ್ಕೇ ಎಲ್ಲ ಕೆಂಪು ಕತ್ತಲೆ. ಸೈನಿಕರ ಕೋಣೆಗಳ ಸುತ್ತ ಎದೆಮಟ್ಟ ಮರಳು ಚೀಲ ಪೇರಿಸಿದ್ದರು. ನಮ್ಮ ಕಂಟೇನರಿಗೆ ಮರಳು ಚೀಲ ಬಂದದ್ದು ಎರಡನೇ ವರ್ಷ. ಅವರಿಗೆ ಗುಂಡು ತಡೆಯುವ ಜಾಕೆಟ್ಟು, ಹೆಲ್ಮೆಟ್ಟು. ನಮಗೆ ಏಪ್ರನ್.

ಸೈನಿಕರು ಕೆಟ್ಟವರು ಅಂತ ಹೇಳುತ್ತಿಲ್ಲ. ಹೆಚ್ಚಿನವರು ಹತ್ತೊಂಬತ್ತು, ಇಪ್ಪತ್ತರ ಮಕ್ಕಳು. ಮೊಟ್ಟೆಯ ಕೌಂಟರಿನಲ್ಲಿ ನಿಂತ ನನಗೆ ಯಾರು ರಾತ್ರಿ ಹೊರಗೆ ಹೋಗಿ ಬಂದಿದ್ದಾರೆ ಅನ್ನುವುದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಅವರು ತಟ್ಟೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು, ಏನು ಬೇಕು ಅಂತ ಹೇಳುತ್ತಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೆಲವು ದಿನ ನನ್ನನ್ನು ಊಟದ ಹಾಲ್‌ನ ಬಾಗಿಲಲ್ಲಿ ಕೂರಿಸುತ್ತಿದ್ದರು. ಹೊರಗೆ ಮರಳು ತುಂಬಿದ ಒಂದು ಡ್ರಮ್. ಸೈನಿಕರು ಬಂದೂಕಿನ ಮೂತಿಯನ್ನು ಅದರೊಳಗಿಟ್ಟು, ಗುಂಡು ಇಲ್ಲ ಅಂತ ಖಾತ್ರಿ ಮಾಡಿ ಒಳಗೆ ಬರಬೇಕು. ಒಳಗೆ ಬಂದ ಪ್ರತಿಯೊಬ್ಬನಿಗೆ ನಾನು ಕೈಯಲ್ಲಿದ್ದ ಕ್ಲಿಕ್ಕರನ್ನು ಒಂದು ಸಲ ಒತ್ತಬೇಕು. ಟಿಕ್. ಇನ್ನೊಬ್ಬ ಬಂದ, ಟಿಕ್. ರಾತ್ರಿ ಆ ಅಂಕೆಯನ್ನು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದರು. ಮೊಟ್ಟೆಗೆ ಲೆಕ್ಕ, ಹಾಲಿನ ಡಬ್ಬಿಗೆ ಲೆಕ್ಕ, ಪ್ಲಾಸ್ಟಿಕ್ ಚಮಚಕ್ಕೂ ಲೆಕ್ಕ. ಅಷ್ಟು ಲೆಕ್ಕದ ಜಾಗವನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

2005ರ ಚಳಿಗಾಲದ ಒಂದು ಬೆಳಿಗ್ಗೆ, ಐದೂವರೆ ಇರಬೇಕು. ಕಾವಲಿಯ ಮೇಲೆ ಹನ್ನೆರಡು ಮೊಟ್ಟೆ ಒಡೆದು ಹಾಕಿದ್ದೆ. ಸೈರನ್ ಕೂಗಿತು. ಹೊರಗಿನಿಂದ ಹಾರಿಸಿದ ಮಾರ್ಟರ್ ಗುಂಡು ಬೀಳುವುದು ನಮಗೆ ಹೊಸತಲ್ಲ, ವಾರಕ್ಕೆ ಎರಡು ಮೂರು ಸಲ ಇದ್ದದ್ದೇ. ಸ್ಟೀಲ್ ಮೇಜಿನ ಕೆಳಗೆ ತೂರಿಕೊಂಡೆ. ಎರಡು ಸಲ ನೆಲ ಅದುರಿತು, ಎರಡನೆಯದು ಹತ್ತಿರ. ಮೇಲಿನಿಂದ ಸಣ್ಣ ದೂಳು ಮೈದಾ ಜರಡಿ ಹಿಡಿದ ಹಾಗೆ ಉದುರಿತು. ಕಾವಲಿಯ ಗ್ಯಾಸ್ ಆರಿಸಿರಲಿಲ್ಲ. ಮೊಟ್ಟೆ ಸೀದು ಕರಕಾಗುವ ವಾಸನೆ ಬರುತ್ತಿತ್ತು, ಎದ್ದು ಆರಿಸಲು ಧೈರ್ಯ ಇರಲಿಲ್ಲ. ಆಮೇಲೆ ಊಟದ ಹಾಲ್‌ನಲ್ಲಿ ಸೇನೆಯ ಸಾರ್ಜೆಂಟುಗಳು ತಮ್ಮ ತಮ್ಮ ಹುಡುಗರ ಹೆಸರು ಕೂಗತೊಡಗಿದರು. ಒಂದೊಂದು ಹೆಸರಿಗೂ ಒಂದು ಉತ್ತರ ಬರಬೇಕು. ಬರದಿದ್ದರೆ ಹುಡುಕಲು ಓಡುತ್ತಾರೆ. ನಮ್ಮ ಸೂಪರ್‌ವೈಸರ್ ಒಳಗೆ ತಲೆ ಹಾಕಿ, ಕೌಂಟರ್ ಯಾವಾಗ ತೆರೀತೀರಿ ಅಂತ ಕೇಳಿದ.

ರಾತ್ರಿ ಕಂಟೇನರಿಗೆ ಬಂದರೆ ಹನ್ನೊಂದೇ ಜನ. ಲಾಂಡ್ರಿಯಲ್ಲಿದ್ದ ಪಾಲಕ್ಕಾಡಿನವನು ಇಲ್ಲ. ನಾವೆಲ್ಲ ಅವನನ್ನು ಚೇಟ, ಅಂದರೆ ಮಲಯಾಳದಲ್ಲಿ ಅಣ್ಣ, ಅಂತಿದ್ದೆವು. ಸೂಪರ್‌ವೈಸರನ ಹತ್ತಿರ ಹೋಗಿ ಕೇಳಿದರೆ, "ಬ್ಯಾಡ್ಜ್ ನಂಬರ್ ಏನು?" ಅಂದ. ನಮಗೆ ನಂಬರ್ ಗೊತ್ತಿರಲಿಲ್ಲ. ಅವನಿಗೆ ಹೆಸರು ಗೊತ್ತಿರಲಿಲ್ಲ. ನಾಲ್ಕು ದಿನ ಹೀಗೇ ಹೋಯಿತು. ಆಮೇಲೆ ತಿಳಿಯಿತು, ತೊಡೆಗೆ ಚೂರು ಹೊಕ್ಕಿತ್ತಂತೆ, ಬೇರೆ ಕಡೆಯ ಆಸ್ಪತ್ರೆಗೆ ಹಾಕಿದ್ದರಂತೆ, ಅಲ್ಲಿಂದ ಊರಿಗೆ ಕಳಿಸಿದರಂತೆ. ಯಾರೋ ಬಂದು ಅವನ ಟ್ರಂಕ್ ಒಯ್ದರು. ಮಂಚದ ಕೆಳಗೆ ಅವನ ಹವಾಯಿ ಚಪ್ಪಲಿ ಉಳಿಯಿತು. ನಾವು ಯಾರೂ ಅದನ್ನು ಎತ್ತಿಡಲಿಲ್ಲ.

ವರ್ಷಗಳ ಮೇಲೆ ನನಗೆ ತಿಳಿದದ್ದು ಒಂದಿದೆ. ಅಮೆರಿಕದಲ್ಲಿ 1941ರಿಂದ ಡಿಫೆನ್ಸ್ ಬೇಸ್ ಆಕ್ಟ್ ಅಂತ ಒಂದು ಕಾನೂನು ಇದೆ. ಅವರ ಸೇನೆಯ ಗುತ್ತಿಗೆ ಕೆಲಸಕ್ಕೆ ಹೊರದೇಶದಲ್ಲಿ ದುಡಿಯುವವರಿಗೆ ಕಂಪನಿ ವಿಮೆ ಮಾಡಿಸಲೇಬೇಕು. ಉಪಗುತ್ತಿಗೆಯವರ ಕೆಳಗಿದ್ದ ನಮ್ಮಂಥವರಿಗೂ ಅದು ಸೇರುತ್ತದೆ. ಗಾಯವಾದರೆ ಚಿಕಿತ್ಸೆ, ಸತ್ತರೆ ಹೆಂಡತಿ ಮಕ್ಕಳಿಗೆ ಪರಿಹಾರ. ಚೇಟನಿಗೆ ಇದು ಗೊತ್ತಿತ್ತೇ? ನಮಗೆ ಹನ್ನೊಂದು ಜನರಿಗಂತೂ ಗೊತ್ತಿರಲಿಲ್ಲ. ಆ ನಾಲ್ಕು ಹಾಳೆಯಲ್ಲಿ ಇತ್ತೋ ಏನೋ.

ಮನೆಯವರಿಗೆ ನಾನು ಕುವೈತಿನಲ್ಲೇ ಇದ್ದೆ. ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದೆ, ಎರಡು ವಾರಕ್ಕೊಮ್ಮೆ, ಕಾರ್ಡ್ ಹಾಕಿ. ಒಮ್ಮೆ ಮಾತಿನ ನಡುವೆ ಸೈರನ್ ಕೂಗಿತು. "ಎಂಥದ್ದು ಅದು ಸಪ್ಪಳ?" ಅಂದಳು ಹೆಂಡತಿ. "ಫ್ಯಾಕ್ಟರಿ ಬಿಟ್ಟಿತು" ಅಂದೆ. ಫೋನ್ ಇಟ್ಟು ಬಂಕರಿಗೆ ಓಡಿದೆ. ಬಂಕರ್ ಅಂದರೆ ಕಾಂಕ್ರೀಟಿನ ಚೌಕ ಮೋರಿ, ಎರಡೂ ಬದಿ ತೆರೆದದ್ದು. ಅದರಲ್ಲಿ ಗೂನು ಹಾಕಿ ಕೂತು ಬಾಯಿಗೆ ಬಂದ ಯಕ್ಷಗಾನದ ಪದ ಗುನುಗುತ್ತಿದ್ದೆ. ಪಕ್ಕದ ನೇಪಾಳಿ ಹುಡುಗರಿಗೆ ಅದು ಮಂತ್ರ ಅನ್ನಿಸಿ ಅವರೂ ಕೈ ಮುಗಿಯುತ್ತಿದ್ದರು.

2004ರ ಬೇಸಿಗೆ ಕಳೆದ ಮೇಲೆ ಆ ಸುಳ್ಳು ಹೇಳುವುದು ಕಷ್ಟವಾಯಿತು. ಜುಲೈಯಲ್ಲಿ ಮೂವರು ಭಾರತೀಯ ಲಾರಿ ಚಾಲಕರನ್ನು ಕೀನ್ಯಾ, ಈಜಿಪ್ಟಿನವರ ಜೊತೆ ಒತ್ತೆಯಾಳಾಗಿ ಹಿಡಿದರು. ಅವರೂ ಕುವೈತಿನ ಕಂಪನಿಯವರೇ. ನಮ್ಮೂರಿನ ಟೀವಿಯಲ್ಲೂ ದಿನವಿಡೀ ಅದೇ. ಸೆಪ್ಟೆಂಬರ್ 1ಕ್ಕೆ ಅವರ ಬಿಡುಗಡೆ ಆಯಿತು. ಅದರ ಹಿಂದಿನ ದಿನ ನೇಪಾಳದ ಹನ್ನೆರಡು ಕೆಲಸಗಾರರನ್ನು ಕೊಂದ ಸುದ್ದಿ ಬಂತು. ನಮ್ಮ ಅಡುಗೆಮನೆಯಲ್ಲಿ ಅರ್ಧ ಜನ ನೇಪಾಳಿಗಳು. ಅಂದು ಬೇಳೆಗೆ ಒಗ್ಗರಣೆ ಹಾಕಿದವರು ಯಾರೋ ನೆನಪಿಲ್ಲ. ಉಪ್ಪು ಹಾಕಿರಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಡಿಸೆಂಬರ್ 21ಕ್ಕೆ ಮೋಸುಲ್ ಹತ್ತಿರದ ನೆಲೆಯಲ್ಲಿ ಮಧ್ಯಾಹ್ನದ ಊಟದ ಟೆಂಟಿನೊಳಗೇ ಒಬ್ಬ ಮೈಗೆ ಕಟ್ಟಿಕೊಂಡ ಬಾಂಬ್ ಸಿಡಿಸಿ 22 ಜನ ಸತ್ತರು. ಅಲ್ಲಿಂದ ಮುಂದೆ ಬಾಗಿಲಲ್ಲಿ ಕ್ಲಿಕ್ಕರ್ ಹಿಡಿದು ಕೂರುವುದು ಅಂದರೆ ಒಳಬರುವವನ ಹೊಟ್ಟೆಯ ಕಡೆಯೇ ನೋಡುತ್ತಾ ಕೂರುವುದು.

ಒತ್ತೆಯಾಳುಗಳ ಗಲಾಟೆಯಲ್ಲಿ ನಮ್ಮ ಸರ್ಕಾರ ಭಾರತೀಯರು ಇರಾಕಿಗೆ ಕೆಲಸಕ್ಕೆ ಹೋಗಬಾರದು ಅಂತ ನಿಷೇಧ ಹಾಕಿತು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು, ಅನುಮಾನ ಇಲ್ಲ. ಆದರೆ ಒಳಗಿದ್ದ ನಮಗೆ ಆದದ್ದು ಏನು ಗೊತ್ತಾ? ಅಲ್ಲಿಯ ತನಕ ನಾವು ಕಷ್ಟದಲ್ಲಿದ್ದ ಕೆಲಸಗಾರರು. ಮರುದಿನದಿಂದ ಇರಬಾರದ ಜಾಗದಲ್ಲಿ ಇರುವವರು. ರಾಯಭಾರ ಕಚೇರಿಗೆ ಫೋನ್ ಮಾಡಿದರೆ ಹಿಡಿದು ವಾಪಸ್ ಕಳಿಸುತ್ತಾರೆ, ಸಾಲ ಯಾರು ತೀರಿಸುತ್ತಾರೆ ಅಂತ ಹೆದರಿ ಸುಮ್ಮನಾದೆವು. ಹೊಸಬರು ಬರುವುದೂ ನಿಲ್ಲಲಿಲ್ಲ, ಸುತ್ತು ದಾರಿಯಲ್ಲಿ ಬಂದರು, ಏಜೆಂಟರು ಅದಕ್ಕೆ ಜಾಸ್ತಿ ದುಡ್ಡು ತಗೊಂಡರು. ನಿಷೇಧ ತೆಗೆದದ್ದು 2010ರಲ್ಲಿ.

ಇರಾಕಿಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ದಿನವೂ ಬೆಳಿಗ್ಗೆ ಕಸ ಎತ್ತಲು, ಮಣ್ಣು ಹೊರಲು ಸುತ್ತಲಿನ ಹಳ್ಳಿಯವರು ಬರುತ್ತಿದ್ದರು. ಗೇಟಿನಲ್ಲಿ ಮೂರು ಕಡೆ ತಪಾಸಣೆ, ಕೊರಳಿಗೆ ಬ್ಯಾಡ್ಜು, ಹಿಂದೆ ಬಂದೂಕು ಹಿಡಿದ ಒಬ್ಬ. ಅವರಲ್ಲಿ ಒಬ್ಬ ಅಜ್ಜ. ಒಂದು ದಿನ ಬೇಲಿಯ ಆಚೆ ಕೈ ತೋರಿಸಿ, ಆ ಖರ್ಜೂರದ ಮರಗಳು ನನ್ನವು ಅಂತ ಸನ್ನೆ ಮಾಡಿದ. ತನ್ನ ಮರದ ಹತ್ತಿರ ಹೋಗಲು ಅವನಿಗೆ ಚೀಟಿ ಬೇಕಿತ್ತು. ನನ್ನ ಹೆಂಡತಿಯ ತವರು ಕಾರವಾರದ ಹತ್ತಿರ ಅರಗಾ ಕಡೆ. ಅವರ ಗದ್ದೆ ನೌಕಾನೆಲೆಗೆ ಹೋಗಿದೆ. ಮಾವನವರು ಬೇಲಿಯ ಈಚೆ ನಿಂತು, ಅಲ್ಲಿ ನಮ್ಮ ಬಾವಿ ಇತ್ತು ಅಂತ ತೋರಿಸುತ್ತಿದ್ದರು. ಅದೂ ಇದೂ ಒಂದೇ ಅಲ್ಲ, ನನಗೆ ಗೊತ್ತು. ನಮ್ಮದು ನಮ್ಮ ದೇಶದ ಕೆಲಸಕ್ಕೆ ಹೋದದ್ದು, ಅವನದ್ದು ಬೇರೆಯವರು ಬಂದು ಹಿಡಿದದ್ದು. ಆದರೆ ಕೈ ಎತ್ತಿ ತೋರಿಸುವ ರೀತಿ ಒಂದೇ ಇತ್ತು. ಆ ಅಜ್ಜ ಒಮ್ಮೆ ಕಾಗದದಲ್ಲಿ ಸುತ್ತಿ ಏಳು ಖರ್ಜೂರ ತಂದುಕೊಟ್ಟ. 2006ರ ಫೆಬ್ರವರಿಯಲ್ಲಿ ಸಾಮರ್ರಾದ ದರ್ಗಾದ ಚಿನ್ನದ ಗುಮ್ಮಟ ಸ್ಫೋಟವಾದ ಮೇಲೆ ಅವರವರಲ್ಲೇ ಕೊಲೆಗಳು ಶುರುವಾದವು. ಅಜ್ಜ ಬರುವುದು ನಿಂತಿತು.

ಇನ್ನು ಹೊಗೆ. ನೆಲೆಯ ಒಂದು ಮೂಲೆಯಲ್ಲಿ ದೊಡ್ಡ ಗುಂಡಿ, ಹಗಲು ರಾತ್ರಿ ಉರಿಯುತ್ತಿತ್ತು. ಪ್ಲಾಸ್ಟಿಕ್, ಟೈರು, ಬ್ಯಾಟರಿ, ಆಸ್ಪತ್ರೆಯ ಕಸ, ಎಲ್ಲ ಅದಕ್ಕೇ. ಗಾಳಿ ತಿರುಗಿದರೆ ನಮ್ಮ ಕಂಟೇನರಿನ ಕಡೆ. ಆ ಗುಂಡಿಗಳಿಂದ ಕಾಯಿಲೆ ಬಿದ್ದ ತಮ್ಮ ಸೈನಿಕರ ಚಿಕಿತ್ಸೆಗೆ ಅಮೆರಿಕ 2022ರಲ್ಲಿ ಒಂದು ಕಾನೂನು ಮಾಡಿತು. ಒಳ್ಳೆಯದಾಯಿತು. ಅದೇ ಹೊಗೆ ಕುಡಿದ ಅಡುಗೆಯವರು ಅದರಲ್ಲಿ ಇಲ್ಲ. ನನಗೆ ಮಳೆಗಾಲ ಶುರುವಾದರೆ ಕೆಮ್ಮು ಶುರು, ದಸರಾ ತನಕ.

2006ರ ಏಪ್ರಿಲಿನಲ್ಲಿ ಸೇನೆಯ ಮೇಲಧಿಕಾರಿಗಳಿಂದ ಆದೇಶ ಬಂತು, ಗುತ್ತಿಗೆದಾರರು ಕೆಲಸಗಾರರ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ, ವಾಪಸ್ ಕೊಡಬೇಕು ಅಂತ. ಎರಡೂವರೆ ವರ್ಷದ ಮೇಲೆ ನನ್ನ ಪಾಸ್‌ಪೋರ್ಟ್ ನನ್ನ ಕೈಗೆ ಬಂತು. ಮುಂದಿನ ತಿಂಗಳು ಊರಿಗೆ ಬಂದೆ. ಸಾಲ ತೀರಿತ್ತು, ಪಾಟಲಿ ಬಿಡಿಸಿದೆ, ಮನೆಗೆ ಹಂಚು ಹೊದೆಸಿದೆ. ಏನೂ ಸಿಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಆ ಎರಡೂವರೆ ವರ್ಷ ನಾನು ಎಲ್ಲಿದ್ದೇನೆ ಅನ್ನುವುದು ನಮ್ಮ ಗ್ರಾಮ ಪಂಚಾಯತಿಗೆ ಗೊತ್ತಿರಲಿಲ್ಲ, ತಾಲೂಕು ಕಚೇರಿಗೆ ಗೊತ್ತಿರಲಿಲ್ಲ, ನಿಮ್ಮ ಕಚೇರಿಗೂ ಗೊತ್ತಿರಲಿಲ್ಲ. ಸತ್ತಿದ್ದರೆ ಗೊತ್ತಾಗುತ್ತಿತ್ತೇ ಅನ್ನುವುದೂ ಅನುಮಾನ. 2014ರಲ್ಲಿ ಮೋಸುಲಿನಲ್ಲಿ 39 ಭಾರತೀಯ ಕೆಲಸಗಾರರು ಐಸಿಸ್ ಉಗ್ರರ ಕೈಗೆ ಸಿಕ್ಕರಲ್ಲ, ಅವರು ಬದುಕಿಲ್ಲ ಅಂತ ಮನೆಯವರಿಗೆ ಖಚಿತವಾದದ್ದು 2018ರ ಮಾರ್ಚಿನಲ್ಲಿ. ಅದೇ 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದ 46 ನರ್ಸುಗಳು, ಹೆಚ್ಚಿನವರು ಕೇರಳದವರು, ಜುಲೈ 5ಕ್ಕೆ ಕೊಚ್ಚಿಯಲ್ಲಿ ಇಳಿದರು. ಅವರ ಅದೃಷ್ಟ, ಹೌದು. ಆದರೆ ಕೇರಳದಲ್ಲಿ ಹೊರದೇಶಕ್ಕೆ ಹೋದವರಿಗಾಗಿ 1996ರಿಂದ ಬೇರೆ ಇಲಾಖೆಯೇ ಇದೆ. ಎಷ್ಟು ಜನ ಹೋಗಿದ್ದಾರೆ ಅಂತ 1998ರಿಂದ ಆಯ್ದ ಮನೆಗಳಿಗೆ ಹೋಗಿ ಸಮೀಕ್ಷೆ ಮಾಡುತ್ತಾ ಬಂದಿದ್ದಾರೆ. ನಮ್ಮಲ್ಲಿ ಭಟ್ಕಳದವರಿಗೆ ಗಲ್ಫಿನಲ್ಲಿ ತಮ್ಮದೇ ಜಮಾತ್, ಅಂದರೆ ಸಮುದಾಯದ ಸಂಘ, ಇದೆ, ಕಷ್ಟಕ್ಕೆ ಒದಗುತ್ತದೆ. ಉಳಿದ ನಾವು ಒಬ್ಬೊಬ್ಬರೇ ಹೋಗುತ್ತೇವೆ, ಒಬ್ಬೊಬ್ಬರೇ ಬರುತ್ತೇವೆ. 2024ರಲ್ಲಿ ಕಲಬುರಗಿ ಕಡೆಯ ಹುಡುಗರು ರಷ್ಯಾದಲ್ಲಿ ಸೆಕ್ಯೂರಿಟಿ ಕೆಲಸ ಅಂತ ನಂಬಿ ಹೋಗಿ ಯುಕ್ರೇನ್ ಯುದ್ಧದ ನಡುವೆ ಸಿಕ್ಕಿಬಿದ್ದದ್ದನ್ನು ನೀವೂ ಓದಿರುತ್ತೀರಿ.

ಹೋಗಬೇಡಿ ಅಂತ ಬೋರ್ಡ್ ಹಾಕಿ ಅಂತ ನಾನು ಕೇಳುತ್ತಿಲ್ಲ. ಅದು ಕೆಲಸಕ್ಕೆ ಬಾರದು. ಇಲ್ಲಿ ಟ್ರಾಲರ್ ಬೋಟಿನ ಕೆಲಸ ವರ್ಷಕ್ಕೆ ಎಷ್ಟು ತಿಂಗಳು ಅಂತ ನಿಮಗೆ ಗೊತ್ತು. ನಾನು ಕೇಳುವುದು ಸಣ್ಣದು. ತಾಲೂಕು ಕಚೇರಿಯಲ್ಲಿ ಒಂದು ಮೇಜು, ಒಂದು ಪುಸ್ತಕ. ಹೊರದೇಶಕ್ಕೆ ಕೆಲಸಕ್ಕೆ ಹೊರಟವನ ಹೆಸರು, ಏಜೆಂಟನ ಹೆಸರು, ಕಂಪನಿ, ಊರು, ಮನೆಯವರ ಫೋನ್ ಅದರಲ್ಲಿ ಬರೆಯಲಿ. ಮೇಜಿನ ಆಚೆ ಕೂತವರು ಅವನ ಕರಾರು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲಿ. ಎಲ್ಲಿ ವಿಮೆ ಇದೆ, ಎಲ್ಲಿ ಇಲ್ಲ ಅಂತ ಬೆರಳಿಟ್ಟು ತೋರಿಸಲಿ. ಏಜೆಂಟ್ ನೋಂದಾಯಿತನೇ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಹುಡುಕಲಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ, ಮೇಲೆ ಜಿಎಸ್‌ಟಿ. ಎರಡೂವರೆ ಲಕ್ಷ ಅಲ್ಲ. ಇದು ನಮ್ಮ ಕೇರಿಯ ಹುಡುಗನಿಗೆ ಗೊತ್ತಿರಲಿಲ್ಲ. ಇವೆಲ್ಲ ಆನ್‌ಲೈನಿನಲ್ಲಿ ಇವೆ, ನೋಡಿಕೊಳ್ಳಲಿ ಅನ್ನಬೇಡಿ ದಯವಿಟ್ಟು. ಆನ್‌ಲೈನಿನಲ್ಲಿ ಏಜೆಂಟನೂ ಇದ್ದಾನೆ, ಅವನು ಕನ್ನಡದಲ್ಲೇ ಮೆಸೇಜ್ ಹಾಕುತ್ತಾನೆ.

ಹುಡುಗನಿಗೆ ಹೋಗಬೇಡ ಅಂತ ಹೇಳಲು ನನ್ನಿಂದ ಆಗಲಿಲ್ಲ. ಹಂಚು ಹೊದೆಸಿದ ಮನೆಯಲ್ಲಿ ಕೂತು ಅದನ್ನು ಹೇಗೆ ಹೇಳಲಿ? ಕರಾರು ಪತ್ರ ಕಳಿಸು ಅಂತ ಏಜೆಂಟನಿಗೆ ಕೇಳು ಅಂದೆ. ಬಂದಿದೆ, ಇಂಗ್ಲಿಷಿನಲ್ಲಿ ಆರು ಹಾಳೆ. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ನನ್ನ ಹತ್ತಿರ ಕೊಟ್ಟು ಹೋಗಿದ್ದಾನೆ. ಮೊದಲ ಕಂತಿನ ದುಡ್ಡು ಮುಂದಿನ ಸೋಮವಾರ ಕೊಡಬೇಕಂತೆ. ಅದಕ್ಕೂ ಮೊದಲು, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಅವನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ಯಾವ ಮೇಜಿಗೆ ಹೋಗಬೇಕು ಅಂತ ಗೇಟಿನಲ್ಲಿ ಹೇಳಿಟ್ಟಿರಿ.

ಇತಿ,
ಅಂಕೋಲಾ ತಾಲೂಕಿನ ಒಬ್ಬ ಅಡುಗೆಯವನು